ಗುಂಡಿ ಮುಟ್ಟಲು ಎಷ್ಟು ಹೊತ್ತು? ಫಿಟ್ಸ್ ನಿಯಮದ ಪರಿಚಯ

ಕಂಪ್ಯೂಟರಿನ ಮೌಸ್ ಬಾಣ ಅಥವಾ ಫೋನಿನ ಮೇಲಿನ ಬೆರಳು ಒಂದು ಗುಂಡಿಯನ್ನು ತಲುಪಲು ಎಷ್ಟು ಸಮಯ ಬೇಕು? ಇದನ್ನು ಮೊದಲೇ ಅಂದಾಜು ಮಾಡುವ ಸೂತ್ರಕ್ಕೆ ಫಿಟ್ಸ್ ನಿಯಮ ಎಂದು ಹೆಸರು. ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಫಿಟ್ಸ್ ಇದನ್ನು 1954ರಲ್ಲಿ ಪ್ರಕಟಿಸಿದರು. ಕೈಯಲ್ಲಿ ಲೋಹದ ಕಡ್ಡಿ ಹಿಡಿದು, ಎದುರಿನ ಎರಡು ಪಟ್ಟಿಗಳನ್ನು ಒಂದಾದ ಮೇಲೊಂದು ಬೇಗ ಬೇಗ ಮುಟ್ಟುವುದು ಅವರ ಪ್ರಯೋಗಗಳಲ್ಲಿ ಒಂದಾಗಿತ್ತು. ಮೌಸಿಗೂ ಈ ನಿಯಮ ಹೊಂದುತ್ತದೆ ಎಂದು 1978ರಲ್ಲಿ ಝೆರಾಕ್ಸ್ ಕಂಪನಿಯ ಸಂಶೋಧಕರು ತೋರಿಸಿದರು.

ಲೆಕ್ಕ ಹೀಗಿದೆ

ಗುರಿ ದೂರವಾದಷ್ಟೂ, ಚಿಕ್ಕದಾದಷ್ಟೂ ಸಮಯ ಹೆಚ್ಚು. ದೂರದ ಎರಡರಷ್ಟನ್ನು ಗುಂಡಿಯ ಅಗಲದಿಂದ ಭಾಗಿಸಬೇಕು. ಎಷ್ಟು ಎರಡುಗಳನ್ನು ಗುಣಿಸಿದರೆ ಆ ಉತ್ತರ ಬರುತ್ತದೋ ಅದೇ ಕಷ್ಟದ ಅಂಕ. ಗುಂಡಿ 12 ಸೆಂ.ಮೀ. ದೂರ, 3 ಸೆಂ.ಮೀ. ಅಗಲ ಇದ್ದರೆ 24ನ್ನು 3ರಿಂದ ಭಾಗಿಸಿ 8. ಕಷ್ಟದ ಅಂಕ 3. ಅಗಲವನ್ನು ಅರ್ಧ ಮಾಡಿದರೆ 16, ಅಂಕ 4. ಅಂಕ ಒಂದೊಂದು ಏರಿದಾಗಲೂ ಸಮಯ ಸುಮಾರು ಒಂದೇ ಅಳತೆಯಷ್ಟು ಏರುತ್ತದೆ. ಅವಸರ ಮಾಡಿದರೆ ಗುರಿ ತಪ್ಪುತ್ತದೆ.

ಆದ್ದರಿಂದ ಹಣ ಕಳಿಸುವಾಗ ವಯಸ್ಸಾದವರ ಬೆರಳು ಪಕ್ಕದ ಗುಂಡಿಗೆ ತಾಗಿದರೆ ಅದು ಅವರ ಅಜ್ಞಾನವಲ್ಲ. ಗುಂಡಿಗಳನ್ನು ಸಣ್ಣದಾಗಿ, ಒತ್ತೊತ್ತಾಗಿ ಇಟ್ಟಿದ್ದೇ ಕಾರಣವಿರಬಹುದು.

ಎರಡು ಭಾಷೆ, ಒಂದೇ ಕೀಲಿ

ಈ ನಿಯಮ ಬೆರಳಿನ ಚಲನೆಯನ್ನು ಮಾತ್ರ ಅಳೆಯುತ್ತದೆ. ಅಕ್ಷರ ಎಲ್ಲಿದೆ ಎಂದು ಹುಡುಕುವ ಸಮಯ ಇದರಲ್ಲಿ ಸೇರಿಲ್ಲ. ಕೆ.ಟಿ. ದೊಡ್ಡಿಯಂಥ ಗಡಿ ಊರುಗಳಲ್ಲಿ ಕನ್ನಡ, ತೆಲುಗು ಎರಡನ್ನೂ ಬರೆಯುವವರಿಗೆ ಇದು ಮುಖ್ಯ. ಭಾರತ ಸರ್ಕಾರ 1986ರಲ್ಲಿ ರೂಪಿಸಿದ ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಕನ್ನಡದ ‘ಕ’ ಇರುವ ಕೀಲಿಯಲ್ಲೇ ತೆಲುಗಿನ ‘ಕ’ ಕೂಡ ಇದೆ. ಬಹುತೇಕ ಅಕ್ಷರಗಳಿಗೂ ಹೀಗೆಯೇ. ಒಂದು ಭಾಷೆಯಲ್ಲಿ ಕೈ ಪಳಗಿದರೆ ಇನ್ನೊಂದರಲ್ಲಿ ಹುಡುಕಾಟ ಕಡಿಮೆ.

ನೀವು ಮಾಡಬಹುದಾದದ್ದು

ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇ ಸೈಜ್ ಹೆಚ್ಚಿಸಿದರೆ ಗುಂಡಿಗಳು ದೊಡ್ಡದಾಗುತ್ತವೆ. ಫೋನನ್ನು ಅಡ್ಡ ಹಿಡಿದು ಟೈಪ್ ಮಾಡಿದರೆ ಕೀಲಿಗಳು ಅಗಲವಾಗುತ್ತವೆ. ಕೀಲಿಗಳ ನಡುವಿನ ದೂರವೂ ಹೆಚ್ಚುವುದರಿಂದ ವೇಗ ಅಷ್ಟಾಗಿ ಹೆಚ್ಚದಿರಬಹುದು. ಆದರೆ ಬೆರಳಿನ ದಪ್ಪ ಅಷ್ಟೇ ಇರುವುದರಿಂದ ತಪ್ಪು ಕೀಲಿ ಒತ್ತುವುದು ಕಡಿಮೆಯಾಗುತ್ತದೆ.