ಒಂಬತ್ತು ಗೆದ್ದವರನ್ನೂ ಮನೆಗೆ ಕಳಿಸಿದ ಊರು

2003ರ ನವೆಂಬರ್ ಕೊನೆಯಲ್ಲಿ ನೆಬ್ರಾಸ್ಕಾ ವಿಶ್ವವಿದ್ಯಾಲಯ ತನ್ನ ಫುಟ್‌ಬಾಲ್ ಕೋಚ್ ಫ್ರಾಂಕ್ ಸೋಲಿಚ್ ಅವರನ್ನು ಕೆಲಸದಿಂದ ತೆಗೆಯಿತು. ಆ ಸಲ ಅವರ ತಂಡ ಹನ್ನೆರಡು ಪಂದ್ಯ ಆಡಿ ಒಂಬತ್ತನ್ನು ಗೆದ್ದಿತ್ತು. ಆರು ವರ್ಷದ ಒಟ್ಟು ಲೆಕ್ಕ 58 ಗೆಲುವು, 19 ಸೋಲು. ಲೆಕ್ಕ ಬರೆಯುವುದು ನನ್ನ ಹೊಟ್ಟೆಪಾಡು. ನಾಲ್ಕರಲ್ಲಿ ಮೂರು ಸಲ ಲಾಭ ತೋರಿಸಿದ ಮ್ಯಾನೇಜರನ್ನು ಹೊರಗೆ ಹಾಕಿದ ಕಂಪನಿಯನ್ನು ನಾನಂತೂ ಕಂಡಿಲ್ಲ. ನಾವು ಲಿಂಕನ್ ಊರಿಗೆ ಬಂದು ಆಗಿನ್ನೂ ಎರಡನೇ ಚಳಿಗಾಲ. ಸೋಮವಾರ ಆಫೀಸಿಗೆ ಹೋದರೆ ಯಾರೂ ಕಂಪ್ಯೂಟರ್ ಕೂಡ ಆನ್ ಮಾಡಿರಲಿಲ್ಲ. ಗೆದ್ದ ಒಂಬತ್ತರ ಸುದ್ದಿಯನ್ನೇ ಯಾರೂ ಎತ್ತಲಿಲ್ಲ. ಟೆಕ್ಸಸ್ ಎದುರು 31-7, ಕ್ಯಾನ್ಸಸ್ ಸ್ಟೇಟ್ ಎದುರು 38-9, ಇವೆರಡು ಸೋಲಿನ ಅಂಕಿಗಳು ಎಲ್ಲರ ಬಾಯಲ್ಲೂ ಇದ್ದವು. ತಂಡ ಸಾಧಾರಣ ದರ್ಜೆಗೆ ಜಾರಲು ತಾನು ಬಿಡುವುದಿಲ್ಲ ಎಂಬರ್ಥದ ಕಾರಣವನ್ನು ಕ್ರೀಡಾ ವಿಭಾಗದ ನಿರ್ದೇಶಕ ಸ್ಟೀವ್ ಪೆಡರ್ಸನ್ ಕೊಟ್ಟಿದ್ದರು. ಆಫೀಸಿನಲ್ಲಿ ಅರ್ಧ ಜನ ಅದಕ್ಕೆ ತಲೆಯಾಡಿಸಿದರು, ಇನ್ನರ್ಧ ಜನ ಕಾಫಿ ಕಪ್ಪು ಹಿಡಿದು ಸೂತಕದ ಮನೆಯವರ ಹಾಗೆ ಕೂತಿದ್ದರು.

ಇಲ್ಲಿಯ ಫುಟ್‌ಬಾಲ್ ನಮ್ಮ ಕಡೆಯ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಎದೆಗವಚಿಕೊಂಡು ಓಡಬೇಕು, ಇಲ್ಲವೇ ಎಸೆಯಬೇಕು. ನಾಲ್ಕು ಯತ್ನದಲ್ಲಿ ಹತ್ತು ಗಜ ಮುಂದೆ ಹೋಗದಿದ್ದರೆ ಚೆಂಡು ಎದುರಾಳಿಯ ಪಾಲು. ಕೊನೆಯ ಗೆರೆ ದಾಟಿದರೆ ಟಚ್‌ಡೌನ್, ಆರು ಅಂಕ. ಆಮೇಲೆ ಚೆಂಡನ್ನು ಒದ್ದು ಕಂಬಗಳ ನಡುವೆ ಹಾಯಿಸಿದರೆ ಇನ್ನೊಂದು ಅಂಕ. ಒದೆಯುವ ಬದಲು ಮತ್ತೊಮ್ಮೆ ಗೆರೆ ದಾಟಿಸಿದರೆ ಎರಡು. ಈ ಒಂದು-ಎರಡರ ಲೆಕ್ಕ ಮುಂದೆ ಬೇಕಾಗುತ್ತದೆ.

ನೆಬ್ರಾಸ್ಕಾದ ಜನಸಂಖ್ಯೆ ಇಪ್ಪತ್ತು ಲಕ್ಷದ ಆಸುಪಾಸು. ಮೆಕ್ಕೆಜೋಳದ ಹೊಲ, ದನ, ರೈಲು, ಇನ್ಶೂರೆನ್ಸ್ ಕಂಪನಿಗಳು. ದೊಡ್ಡ ಲೀಗುಗಳ ವೃತ್ತಿಪರ ತಂಡ ಒಂದೂ ಇಲ್ಲದ ರಾಜ್ಯವಾದ್ದರಿಂದ ಕಾಲೇಜು ಹುಡುಗರ ತಂಡವೇ ರಾಜ್ಯದ ತಂಡ. ಎಂಬತ್ತೈದು ಸಾವಿರ ಜನ ಹಿಡಿಯುವ ಮೆಮೋರಿಯಲ್ ಸ್ಟೇಡಿಯಂ, ಪಂದ್ಯದ ಶನಿವಾರ, ಒಮಾಹಾ ಮತ್ತು ಲಿಂಕನ್ ಬಿಟ್ಟರೆ ರಾಜ್ಯದ ಮೂರನೇ ದೊಡ್ಡ ಊರು. ನಮ್ಮ ಕನ್ನಡದವರ ಬಳಗ ರಾಜ್ಯೋತ್ಸವಕ್ಕೆ ತಾರೀಖು ಹಿಡಿಯುವಾಗ ಮೊದಲು ಈ ತಂಡದ ವೇಳಾಪಟ್ಟಿ ನೋಡುತ್ತದೆ. ತವರಿನ ಪಂದ್ಯವಿದ್ದ ದಿನ ಹಾಲ್ ಸಿಕ್ಕರೂ ಪಾರ್ಕಿಂಗ್ ಸಿಗದು. ಒಮಾಹಾದಿಂದ ಬಿಸಿಬೇಳೆಬಾತಿನ ಪಾತ್ರೆ ತರುವವರು ಹೆದ್ದಾರಿಯಲ್ಲೇ ಸಿಕ್ಕಿಬಿದ್ದಿರುತ್ತಾರೆ.

ಇಲ್ಲಿ ಆಟ ಶುರುವಾದದ್ದು 1890ರಲ್ಲಿ. ಆರಂಭದಲ್ಲಿ ತಂಡವನ್ನು ‘ಬಗ್‌ಈಟರ್ಸ್’ ಎನ್ನುತ್ತಿದ್ದರು, ಅಂದರೆ ಹುಳ ತಿನ್ನುವವರು. ಲಿಂಕನ್ನಿನ ಕ್ರೀಡಾ ಬರಹಗಾರ ಸೈ ಶರ್ಮನ್‌ಗೆ ಅದನ್ನು ಸಹಿಸಲಾಗಲಿಲ್ಲ. ಅವರು ‘ಕಾರ್ನ್‌ಹಸ್ಕರ್ಸ್’, ಅಂದರೆ ಮೆಕ್ಕೆಜೋಳ ಸುಲಿಯುವವರು, ಎಂದು ಬರೆಯತೊಡಗಿದರು, ಅದೇ ನಿಂತಿತು. ಕೋಚ್ ವಿಷಯದ ಕಿರಿಕಿರಿಯೂ ಹೆಚ್ಚುಕಡಿಮೆ ಅಷ್ಟೇ ಹಳೆಯದು. 1911ರಿಂದ 1915ರವರೆಗೆ ಕೋಚ್ ಆಗಿದ್ದ ‘ಜಂಬೊ’ ಸ್ಟೀಮ್ ಕೊನೆಯ ಮೂರು ವರ್ಷ ಒಂದು ಪಂದ್ಯವನ್ನೂ ಸೋಲದೆ, ಹೆಚ್ಚು ಸಂಬಳಕ್ಕೆ ಇಂಡಿಯಾನಾಗೆ ಹೊರಟುಬಿಟ್ಟರು. 1923ರಲ್ಲಿ ಈಗಿನ ಸ್ಟೇಡಿಯಂ ಎದ್ದಿತು. ಅದರ ಮೂಲೆಯ ಕಲ್ಲುಗಳಿಗೆ ಬರಹ ಬರೆದುಕೊಟ್ಟವರು ತತ್ತ್ವಶಾಸ್ತ್ರದ ಪ್ರೊಫೆಸರ್ ಹಾರ್ಟ್ಲಿ ಬರ್ ಅಲೆಕ್ಸಾಂಡರ್. ಗೆಲುವಿಗಿಂತ ಆಡಿದ ರೀತಿ ದೊಡ್ಡದು ಎಂಬ ಭಾವದ ಸಾಲೊಂದು ಅಲ್ಲಿದೆ. ಅದರ ಕೆಳಗೆ ನಿಂತು ಕೋಚನ್ನು ಬೈಯುವವರನ್ನು ಬೇಕಾದಷ್ಟು ನೋಡಿದ್ದೇನೆ, ತಲೆ ಎತ್ತಿ ಓದಿದವರನ್ನು ನೋಡಿಲ್ಲ.

1941ರ ಹೊಸ ವರ್ಷದ ದಿನ ರೋಸ್ ಬೌಲ್‌ನಲ್ಲಿ (ಸೀಸನ್ ಮುಗಿದ ಮೇಲೆ ಆಯ್ದ ತಂಡಗಳು ಆಡುವ ಪಂದ್ಯವೇ ಬೌಲ್) ಸ್ಟ್ಯಾನ್‌ಫರ್ಡ್ ಎದುರು ಸೋತ ಮೇಲೆ ಎರಡು ದಶಕ ಹಾಳು ಸುರಿಯಿತು. ಆ ಬರದಲ್ಲೂ ಒಂದು ವಿಚಿತ್ರ ನಡೆಯಿತು. 1959ರಲ್ಲಿ ಓಕ್ಲಹೋಮ ತನ್ನ ಲೀಗ್‌ನಲ್ಲಿ 74 ಪಂದ್ಯ ಸೋಲದೆ ಮೆರೆಯುತ್ತಿತ್ತು. ಅದನ್ನು 25-21ರಿಂದ ಮಣಿಸಿದ್ದು ಇದೇ ನೆಬ್ರಾಸ್ಕಾ. ಅದೇ ವರ್ಷ ಇವರ ಒಟ್ಟು ಲೆಕ್ಕ ನಾಲ್ಕು ಗೆಲುವು, ಆರು ಸೋಲು! ಆನೆಯನ್ನು ಕೆಡವಿ ಆಡಿನ ಕೈಯಲ್ಲಿ ಹಾಯಿಸಿಕೊಳ್ಳುವ ಈ ಗುಣ ಈಗಿನ ಕೋಚುಗಳು ತಂದದ್ದಲ್ಲ ಎಂದು ಹಳಬರು ಹೇಳುವುದು ಇದನ್ನು ಇಟ್ಟುಕೊಂಡೇ.

1962ರಲ್ಲಿ ವಯೋಮಿಂಗ್‌ನಿಂದ ಬಾಬ್ ಡಿವೇನಿ ಬಂದರು. ಆ ವರ್ಷದ ನವೆಂಬರ್ 3ರಂದು ಮಿಸೂರಿ ಎದುರಿನ ಪಂದ್ಯಕ್ಕೆ ಎಲ್ಲ ಟಿಕೆಟ್ ಮಾರಾಟವಾದವು. ಅಂದಿನಿಂದ ಇಂದಿನವರೆಗೆ ತವರಿನ ಒಂದೇ ಒಂದು ಪಂದ್ಯಕ್ಕೂ ಟಿಕೆಟ್ ಮಿಕ್ಕಿಲ್ಲ, ನಾನೂರಕ್ಕೂ ಹೆಚ್ಚು ಪಂದ್ಯ. ದೇಶದಲ್ಲೇ ದಾಖಲೆ. ಆ ಮೊದಲ ದಿನ ನೆಬ್ರಾಸ್ಕಾ 16-7ರಿಂದ ಸೋತಿತ್ತು ಎನ್ನುವುದನ್ನು ಮಾತ್ರ ಯಾವ ಬ್ಯಾನರಿನಲ್ಲೂ ಬರೆಯುವುದಿಲ್ಲ.

ಇಡೀ ಕಥೆಯ ಗಂಟು ನನಗೆ ಕಾಣುವುದು ಇಲ್ಲಿಯೇ. ಬೇರೆಡೆ ಜನಕ್ಕೆ ಸಿಟ್ಟು ಬಂದರೆ ಕುರ್ಚಿ ಖಾಲಿಯಾಗುತ್ತದೆ, ಗಲ್ಲಾಪೆಟ್ಟಿಗೆ ಹೇಳುತ್ತದೆ. ಇಲ್ಲಿ ಕುರ್ಚಿ ಖಾಲಿಯಾಗುವುದೇ ಇಲ್ಲ. ನಮ್ಮ ಪಕ್ಕದ ಮನೆಯ ಅಜ್ಜ ಪ್ರತಿ ನವೆಂಬರಿನಲ್ಲಿ ‘ಇನ್ನು ಇವರ ಮುಖ ನೋಡುವುದಿಲ್ಲ’ ಎಂದು ಶಪಥ ಮಾಡುತ್ತಾರೆ. ಮುಂದಿನ ಬೇಸಿಗೆಗೆ ಮುಂಚೆ, ಅವರಪ್ಪನ ಕಾಲದಿಂದ ಬಂದ ಆ ಎರಡು ಸೀಟಿಗೆ ಚೆಕ್ಕು ಹೋಗಿರುತ್ತದೆ. ಈಚಿನ ವರ್ಷಗಳಲ್ಲಿ ಟಿಕೆಟ್ ಮಿಕ್ಕುವ ಹಾಗಾದಾಗ ದಾನಿಗಳೇ ಕೊಂಡು ಮಕ್ಕಳಿಗೆ ಹಂಚಿದ್ದೂ ಉಂಟು. ಹೀಗೆ ಬಾಗಿಲಲ್ಲಿ ಹೊರಬೀಳದ ಸಿಟ್ಟು ಬೇರೆಲ್ಲೋ ಹೊರಬೀಳಬೇಕಲ್ಲ? ಅದು ಪ್ರತಿ ಸಲ ಕೋಚ್ ತಲೆಯ ಮೇಲೆ ಬಿತ್ತು.

ಡಿವೇನಿಯವರಿಗೂ ಅದು ತಪ್ಪಲಿಲ್ಲ. 1967, 1968 ಎರಡೂ ವರ್ಷ ಆರು ಗೆಲುವು, ನಾಲ್ಕು ಸೋಲು. 1968ರ ಕೊನೆಗೆ ಓಕ್ಲಹೋಮ ಎದುರು 47-0. ಗೊಣಗಾಟ ಜೋರಾಯಿತು. ಅವರು ಆಕ್ರಮಣದ ವ್ಯೂಹವನ್ನು ಹೊಸದಾಗಿ ಕಟ್ಟುವ ಕೆಲಸವನ್ನು ಟಾಮ್ ಆಸ್ಬೋರ್ನ್ ಎಂಬ ಕಿರಿಯ ಸಹಾಯಕನಿಗೆ ಒಪ್ಪಿಸಿದರು. 1970, 1971ರಲ್ಲಿ ಸತತ ಎರಡು ರಾಷ್ಟ್ರೀಯ ಪಟ್ಟ ಬಂದವು. ಅಂದು ಜನರ ಮಾತು ಕೇಳಿ ಡಿವೇನಿಯನ್ನು ಕಳಿಸಿದ್ದರೆ ಈ ಊರಿಗೆ ಹೇಳಿಕೊಳ್ಳಲು ಕಥೆಯೇ ಇರುತ್ತಿರಲಿಲ್ಲ.

ಆಸ್ಬೋರ್ನ್ 1973ರಿಂದ 1997ರವರೆಗೆ ಇಪ್ಪತ್ತೈದು ವರ್ಷ ಕೋಚ್ ಆಗಿದ್ದರು. ಒಂದು ವರ್ಷವೂ ಒಂಬತ್ತಕ್ಕಿಂತ ಕಡಿಮೆ ಗೆಲ್ಲಲಿಲ್ಲ. ಇಂದು ಅವರ ಹೆಸರು ಹೇಳಿದರೆ ಜನ ಕೈ ಮುಗಿಯುವುದೊಂದು ಬಾಕಿ. ಆದರೆ ಆಗ? ಮೊದಲ ಐದು ವರ್ಷವೂ ಓಕ್ಲಹೋಮ ಎದುರು ಸೋತರು, ‘ದೊಡ್ಡ ಪಂದ್ಯ ಗೆಲ್ಲಲಾರದವರು’ ಎಂಬ ಹಣೆಪಟ್ಟಿ ಬಿತ್ತು. 1978ರಲ್ಲಿ ಕೊನೆಗೂ 17-14ರಿಂದ ಗೆದ್ದರು. ಮರುವಾರವೇ ಮಿಸೂರಿ ಎದುರು ಸೋತು ಪಟ್ಟದ ಅವಕಾಶ ಕಳೆದುಕೊಂಡರು. ಆ ಚಳಿಗಾಲ ಕೊಲರಾಡೊದವರು ಕರೆದಾಗ ಅವರು ಅಲ್ಲಿಗೆ ಹೋಗಿ ನೋಡಿಯೂ ಬಂದರು. ಕೊನೆಗೆ ಇಲ್ಲೇ ಉಳಿದರು.

1984ರ ಜನವರಿ 2ರ ರಾತ್ರಿಯ ಮಾತು ಇಲ್ಲಿ ಪ್ರತಿ ಮನೆಯಲ್ಲೂ ಕೇಳಬಹುದು. ಆರೆಂಜ್ ಬೌಲ್, ಎದುರಾಳಿ ಮಯಾಮಿ, ಅವರದೇ ಊರಿನಲ್ಲಿ. ನೆಬ್ರಾಸ್ಕಾ ಆ ಸೀಸನ್ನಿನಲ್ಲಿ ಅದುವರೆಗೆ ಸೋತೇ ಇರಲಿಲ್ಲ. ಹಿಂದೆ ಬಿದ್ದಿದ್ದವರು ಅಟ್ಟಿಕೊಂಡು ಬಂದು, 48 ಸೆಕೆಂಡ್ ಇದ್ದಾಗ ಟಚ್‌ಡೌನ್ ಮಾಡಿ 31-30ಕ್ಕೆ ತಂದರು. ಒದ್ದು ಒಂದಂಕ ತೆಗೆದುಕೊಂಡರೆ ಪಂದ್ಯ ಸಮ. ಸಮವಾದರೂ ರಾಷ್ಟ್ರೀಯ ಪಟ್ಟ ಹೆಚ್ಚುಕಡಿಮೆ ಕೈಯಲ್ಲಿದ್ದಂತೆಯೇ. ಆಸ್ಬೋರ್ನ್ ಎರಡು ಅಂಕಕ್ಕೆ ಕೈ ಹಾಕಿದರು. ಆಕ್ರಮಣ ನಡೆಸುವ ಆಟಗಾರ, ಅಂದರೆ ಕ್ವಾರ್ಟರ್‌ಬ್ಯಾಕ್, ಟರ್ನರ್ ಗಿಲ್ ಬಲಕ್ಕೆ ಓಡುತ್ತ ಜೆಫ್ ಸ್ಮಿತ್ ಕಡೆ ಎಸೆದ ಚೆಂಡಿಗೆ ಮಯಾಮಿಯ ಕೆನ್ನಿ ಕ್ಯಾಲ್‌ಹೌನ್ ಬೆರಳು ತಾಗಿಸಿದ. ಅಷ್ಟೇ. ಸೋತದ್ದಕ್ಕೆ ಈ ಊರು ಕ್ಷಮಿಸಿದ ಒಂದೇ ಪಂದ್ಯ ಇದಿರಬೇಕು. ಪಕ್ಕದ ಮನೆಯ ಅಜ್ಜ ಮಾತ್ರ ಇನ್ನೂ ಒಪ್ಪಿಲ್ಲ: ‘ಒದೆಯಬೇಕಿತ್ತು’ ಎನ್ನುತ್ತಾರೆ, ಅವರ ಹೆಂಡತಿ ಎದ್ದು ಒಳಗೆ ಹೋಗುತ್ತಾರೆ.

ಮುಂದೊಂದು ಘಟ್ಟದಲ್ಲಿ ಸತತ ಏಳು ಸೀಸನ್ ಬೌಲ್ ಪಂದ್ಯಗಳಲ್ಲಿ ಸೋಲು. ಆಮೇಲೆ 1994, 1995, 1997, ಮೂರು ಪಟ್ಟ. ಕೊನೆಯ ಐದು ವರ್ಷದಲ್ಲಿ 60 ಗೆಲುವು, 3 ಸೋಲು. ಪಟ್ಟ ಬರಲು ಇಪ್ಪತ್ತೆರಡು ವರ್ಷ ಹಿಡಿಯಿತು ಎಂಬುದು ಮರೆತುಹೋಗಿ, 60-3 ಮಾತ್ರ ನೆನಪಿನಲ್ಲಿ ಉಳಿಯಿತು. ಮುಂದಿನ ಎಲ್ಲ ಕೋಚುಗಳನ್ನೂ ಅದೇ ಅಳತೆಗೋಲಿಗೆ ನಿಲ್ಲಿಸಿದರು.  

ಸೋಲಿಚ್ ಇದೇ ತಂಡಕ್ಕೆ ಆಡಿದವರು, ಆಸ್ಬೋರ್ನ್ ಕೆಳಗೆ ಪಳಗಿದವರು. 2001ರಲ್ಲಿ ಕೊಲರಾಡೊ ಎದುರು 62-36ರಿಂದ ಚಿಂದಿಯಾಗಿಯೂ ಅವರ ತಂಡ ರಾಷ್ಟ್ರೀಯ ಪಟ್ಟದ ಪಂದ್ಯಕ್ಕೆ ಹೋಯಿತು, ಅಲ್ಲಿ ಮಯಾಮಿ 37-14ರಿಂದ ತಿಂದುಹಾಕಿತು. 2002ರಲ್ಲಿ ಏಳು ಗೆಲುವು, ಏಳು ಸೋಲು. ಮರುವರ್ಷ ಸುಧಾರಿಸಿಕೊಂಡರೂ ಉಳಿಯಲಿಲ್ಲ. ಅವರು ಓಹಾಯೊ ವಿಶ್ವವಿದ್ಯಾಲಯಕ್ಕೆ ಹೋಗಿ ಅಲ್ಲಿಯ ಲೀಗ್‌ನಲ್ಲೇ ಅತಿ ಹೆಚ್ಚು ಗೆದ್ದ ಕೋಚ್ ಆದರು. ಇಲ್ಲಿಗೆ ಬಂದ ಬಿಲ್ ಕ್ಯಾಲಹನ್ ಮೊದಲ ವರ್ಷವೇ ಟೆಕ್ಸಸ್ ಟೆಕ್ ಎದುರು 70-10ರಿಂದ ಸೋತರು. 2007ರಲ್ಲಿ ಕ್ಯಾನ್ಸಸ್ 76 ಅಂಕ ಹೊಡೆಯಿತು. ಸೋಲಿಚ್‌ರನ್ನು ತೆಗೆದ ನಿರ್ದೇಶಕರೂ ಆ ಶರತ್ಕಾಲ ಮನೆಗೆ ಹೋದರು, ಅವರ ಕುರ್ಚಿಗೆ ಆಸ್ಬೋರ್ನ್ ಅವರನ್ನೇ ಕರೆತಂದರು.

ಆಮೇಲೆ ಕ್ಯಾಲಹನ್ ಜಾಗಕ್ಕೆ ಬಂದವರು ಬೋ ಪೆಲೀನಿ. ಅವರದು ಲೆಕ್ಕದವರಿಗೆ ಬೆರಗು ಹುಟ್ಟಿಸುವ ಸಾಲು: 2008ರಿಂದ 2013ರವರೆಗೆ ಆರು ವರ್ಷ, ಪ್ರತಿ ವರ್ಷ ನಾಲ್ಕೇ ಸೋಲು, ಒಂಬತ್ತೋ ಹತ್ತೋ ಗೆಲುವು. ಸೋತಾಗ ಮಾತ್ರ ಮರ್ಯಾದೆ ಕಳೆದುಕೊಂಡು ಸೋಲುತ್ತಿದ್ದರು. 2012ರಲ್ಲಿ ಬಿಗ್ ಟೆನ್ ಎಂಬ ಲೀಗಿನ ಪಟ್ಟದ ಪಂದ್ಯದಲ್ಲಿ ವಿಸ್ಕಾನ್ಸಿನ್ 70-31ರಿಂದ ಹೊಡೆಯಿತು; 2014ರಲ್ಲಿ ಅದೇ ವಿಸ್ಕಾನ್ಸಿನ್‌ನ ಮೆಲ್ವಿನ್ ಗಾರ್ಡನ್ ಒಬ್ಬನೇ 408 ಗಜ ಓಡಿದ. ಪೆಲೀನಿಗೂ ಜನರ ಮೇಲೆ ಸಿಟ್ಟಿತ್ತು. 2011ರಲ್ಲಿ ಓಹಾಯೊ ಸ್ಟೇಟ್ ಎದುರು 27-6ರಿಂದ ಹಿಂದಿದ್ದ ತಂಡ 34-27ರಿಂದ ಗೆದ್ದಿತು. ಅಷ್ಟರಲ್ಲಿ ಎಷ್ಟೋ ಜನ ಎದ್ದು ಮನೆಗೆ ಹೋಗಿದ್ದರು. ಆಮೇಲೆ ಅವರು ಅಭಿಮಾನಿಗಳನ್ನು ಕೆಟ್ಟದಾಗಿ ಬೈದ ಧ್ವನಿಮುದ್ರಣ 2013ರಲ್ಲಿ ಹೊರಬಿತ್ತು, ಕ್ಷಮೆ ಕೇಳಿದರು. ಮರುವರ್ಷ, ಒಂಬತ್ತು ಗೆದ್ದು, ಅವರೂ ಹೊರಗೆ. ನನ್ನನ್ನು ಕೇಳಿದರೆ ಸೋಲಿಚ್‌ರನ್ನು ತೆಗೆದದ್ದು ತಪ್ಪು, ಪೆಲೀನಿಯನ್ನು ತೆಗೆದದ್ದಕ್ಕೆ ಕಾರಣವಿತ್ತು. ಆದರೆ ಅವರ ನಂತರ ಒಂಬತ್ತು ಗೆಲುವು ಕಂಡದ್ದು ಮುಂದಿನ ಕೋಚ್ ಮೈಕ್ ರೈಲಿ ಕಾಲದ 2016ರಲ್ಲಿ ಒಮ್ಮೆ ಮಾತ್ರ.

2018ರಲ್ಲಿ ಸ್ಕಾಟ್ ಫ್ರಾಸ್ಟ್ ಬಂದಾಗ ಊರು ಹಬ್ಬ ಮಾಡಿತು. ಇದೇ ರಾಜ್ಯದ ವುಡ್ ರಿವರಿನ ಹುಡುಗ, 1997ರ ಪಟ್ಟದ ತಂಡದ ಕ್ವಾರ್ಟರ್‌ಬ್ಯಾಕ್, ಹಿಂದಿನ ವರ್ಷವಷ್ಟೇ ಫ್ಲಾರಿಡಾದಲ್ಲಿ ತನ್ನ ತಂಡವನ್ನು ಒಂದೂ ಸೋಲದಂತೆ ನಡೆಸಿದವರು. ಮೊದಲ ಆರು ಪಂದ್ಯವೂ ಸೋಲು. 2021ರ ಲೆಕ್ಕವನ್ನು ನಾನು ಎರಡು ಸಲ ಕೂಡಿ ನೋಡಿದೆ: ಮೂರು ಗೆಲುವು, ಒಂಬತ್ತು ಸೋಲು, ಆದರೆ ಹೊಡೆದ ಅಂಕ ಬಿಟ್ಟುಕೊಟ್ಟದ್ದಕ್ಕಿಂತ 63 ಹೆಚ್ಚು! ಒಂಬತ್ತು ಸೋಲೂ ಒಂಬತ್ತು ಅಂಕದೊಳಗೆ. ಮಿಶಿಗನ್ ಸ್ಟೇಟ್ ಎದುರು ಇನ್ನು ನಾಲ್ಕು ನಿಮಿಷ ಇದ್ದಾಗ 20-13ರಿಂದ ಮುಂದಿದ್ದರು. ಪಂಟ್, ಅಂದರೆ ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಬಿಟ್ಟುಕೊಡುವ ಒದೆತ, ಒದೆಯುವ ಹುಡುಗ ಮೈದಾನದ ಒಂದು ಮಗ್ಗುಲಿಗೆ ಒದೆಯುತ್ತಾನೆಂದು ತಂಡ ಆ ಕಡೆ ಓಡಿತು. ಚೆಂಡು ಇನ್ನೊಂದು ಮಗ್ಗುಲಿಗೆ ಹೋಯಿತು. ಅಲ್ಲಿ ಜೇಡನ್ ರೀಡ್ ಒಬ್ಬನೇ ನಿಂತಿದ್ದ. ಹಿಡಿದು 62 ಗಜ ಓಡಿ ಟಚ್‌ಡೌನ್ ಮಾಡಿದ. ಹೆಚ್ಚುವರಿ ಸಮಯದಲ್ಲಿ ಸೋಲು. ನಮ್ಮವರು ಟೀವಿ ಆರಿಸಿ, ಮಾತಿಲ್ಲದೆ ಪಾತ್ರೆ ತೊಳೆಯಲು ಹೋದರು. ಮದುವೆಯಾದ ಮೇಲೆ ನನಗೆ ಫುಟ್‌ಬಾಲಿನಿಂದ ಆದ ಉಪಕಾರ ಅದೊಂದೇ.

2022ರ ಮೊದಲ ಪಂದ್ಯ ಡಬ್ಲಿನ್‌ನಲ್ಲಿ. ನಾರ್ತ್‌ವೆಸ್ಟರ್ನ್ ಎದುರು 28-17ರಿಂದ ಮುಂದಿದ್ದಾಗ ಫ್ರಾಸ್ಟ್ ಆನ್‌ಸೈಡ್ ಕಿಕ್ ಮಾಡಿಸಿದರು. ಅಂದರೆ ದೂರ ಒದೆಯುವ ಬದಲು ಹತ್ತಿರಕ್ಕೆ ಒದ್ದು ತಾವೇ ಹಿಡಿಯುವ ಜೂಜು, ಸಾಮಾನ್ಯವಾಗಿ ಹಿಂದೆ ಬಿದ್ದವರು ಆಡುವಂಥದ್ದು. ಚೆಂಡು ಎದುರಾಳಿಗೆ ಸಿಕ್ಕಿತು, 31-28ರಿಂದ ಸೋತರು. ಸೆಪ್ಟೆಂಬರ್ 10ರಂದು ತವರಿನಲ್ಲಿ ಜಾರ್ಜಿಯಾ ಸದರ್ನ್ ಎದುರು 45-42. ಈ ಮೈದಾನದಲ್ಲಿ 35 ಅಂಕ ದಾಟಿ ನೆಬ್ರಾಸ್ಕಾ ಅದುವರೆಗೆ ಒಮ್ಮೆಯೂ ಸೋತಿರಲಿಲ್ಲ. ಮರುದಿನವೇ ಫ್ರಾಸ್ಟ್‌ರನ್ನು ತೆಗೆದರು. ಅಕ್ಟೋಬರ್ 1ರವರೆಗೆ ತಡೆದಿದ್ದರೆ ಅವರಿಗೆ ಕೊಡಬೇಕಾದ ಪರಿಹಾರ ಒಂದೂವರೆ ಕೋಟಿ ಡಾಲರಿನಿಂದ ಎಪ್ಪತ್ತೈದು ಲಕ್ಷಕ್ಕೆ ಇಳಿಯುತ್ತಿತ್ತು. ಇಪ್ಪತ್ತು ದಿನಕ್ಕೆ ಎಪ್ಪತ್ತೈದು ಲಕ್ಷ ಡಾಲರ್! ಯಾವ ಆಡಿಟರ್ ಇದಕ್ಕೆ ಸಹಿ ಹಾಕುತ್ತಾನೆ? ಆಫೀಸಿನಲ್ಲಿ ಕೇಳಿದೆ. ನಮ್ಮ ಹಿರಿಯ ಆಡಿಟರೇ ‘ಸಾಕಾಗಿತ್ತು’ ಎಂದರು.

ಮೈಸೂರಿನಲ್ಲಿರುವ ಅಣ್ಣನ ಮಗ ‘ಅತ್ತೆ, ನಿಮ್ಮದೂ ಆರ್‌ಸಿಬಿ ಕಥೆಯೇ’ ಎನ್ನುತ್ತಿದ್ದ. ಅಲ್ಲ ಕಣೋ ಎಂದೆ. ನೀವು ಎಂದೂ ಕಾಣದ ಕಪ್‌ಗೆ ಹದಿನೆಂಟು ವರ್ಷ ಕಾದಿರಿ. ಇವರು ಕಂಡು ಕಳೆದುಕೊಂಡದ್ದು ಮತ್ತೆ ಬರಲೆಂದು ಕಾಯುತ್ತಿದ್ದಾರೆ. ತಲೆಯೊಳಗೆ ಇನ್ನೂ 1997.

ಈ ಜನಕ್ಕೆ ಗೆಲುವಿನ ರುಚಿ ಪೂರ್ತಿ ತಪ್ಪಿಹೋಗಿದೆ ಎನ್ನುವ ಹಾಗೂ ಇಲ್ಲ. ಇದೇ ವಿಶ್ವವಿದ್ಯಾಲಯದ ಹೆಣ್ಣುಮಕ್ಕಳ ವಾಲಿಬಾಲ್ ತಂಡ ಐದು ರಾಷ್ಟ್ರೀಯ ಪಟ್ಟ ಗೆದ್ದಿದೆ. 2023ರ ಆಗಸ್ಟ್ 30ರಂದು ಫುಟ್‌ಬಾಲ್ ಮೈದಾನದ ನಡುವೆ ನೆಟ್ ಕಟ್ಟಿ ಆಡಿಸಿದಾಗ 92,003 ಜನ ಬಂದರು. ಯಾರ ಬಾಯಲ್ಲೂ ಕೋಚ್ ದೂರು ಕೇಳಲಿಲ್ಲ.

ಈಗ ಮ್ಯಾಟ್ ರೂಲ್ ಇದ್ದಾರೆ. ಬರುವಾಗ ಎಂಟು ವರ್ಷಕ್ಕೆ 7.4 ಕೋಟಿ ಡಾಲರಿನ ಒಪ್ಪಂದ. 2024ರ ಡಿಸೆಂಬರ್ 28ರಂದು ನ್ಯೂಯಾರ್ಕಿನ ಯಾಂಕಿ ಸ್ಟೇಡಿಯಂನಲ್ಲಿ ಬಾಸ್ಟನ್ ಕಾಲೇಜನ್ನು 20-15ರಿಂದ ಸೋಲಿಸಿ, 2016ರ ನಂತರ ಮೊದಲ ಬಾರಿಗೆ ಸೋಲಿಗಿಂತ ಹೆಚ್ಚು ಗೆಲುವಿನೊಂದಿಗೆ ವರ್ಷ ಮುಗಿಸಿದರು. ಸೋಮವಾರ ಆಫೀಸಿಗೆ ಹೋಗುವಾಗ ಇವತ್ತಾದರೂ ಸಿಹಿ ಹಂಚಬಹುದು ಎಂದುಕೊಂಡಿದ್ದೆ. ಕಾಫಿ ಯಂತ್ರದ ಮುಂದೆ ಆಗಲೇ ನಾಲ್ಕು ಜನ ನಿಂತು ಜಗಳವಾಡುತ್ತಿದ್ದರು: 20-2ರಿಂದ ಮುಂದಿದ್ದ ಪಂದ್ಯವನ್ನು 20-15ರವರೆಗೆ ಎಳೆದುಕೊಂಡು ಬಂದದ್ದು ಯಾವ ಸೀಮೆ ಕೋಚಿಂಗ್?