ವೈರಿಗಳನ್ನು ಒಂದೇ ಲೆಕ್ಕಪುಸ್ತಕಕ್ಕೆ ತಂದ ಕಲ್ಲಿದ್ದಲು

1950ರ ಮೇ 9ರ ಸಂಜೆ ಫ್ರಾನ್ಸಿನ ವಿದೇಶಾಂಗ ಸಚಿವ ರಾಬರ್ಟ್ ಶೂಮನ್ ಪ್ಯಾರಿಸ್‌ನಲ್ಲಿ ಪತ್ರಕರ್ತರನ್ನು ಕರೆದು ಒಂದು ಹೇಳಿಕೆ ಓದಿದರು. ಫ್ರಾನ್ಸ್ ಮತ್ತು ಜರ್ಮನಿಯ ಸಮಸ್ತ ಕಲ್ಲಿದ್ದಲು ಹಾಗೂ ಉಕ್ಕಿನ ಉತ್ಪಾದನೆಯನ್ನು ಒಂದು ಸಮಾನ ಪ್ರಾಧಿಕಾರದ ಕೆಳಗೆ ತರಬೇಕು, ಇಷ್ಟವಿರುವ ಇತರ ದೇಶಗಳೂ ಇದನ್ನು ಸೇರಬಹುದು ಎಂಬುದು ಅದರ ಸಾರ. ಯೂರೋಪಿನಲ್ಲಿ ಎರಡನೆಯ ಮಹಾಯುದ್ಧ ಮುಗಿದು ಆಗ ಐದು ವರ್ಷವಷ್ಟೇ ಆಗಿತ್ತು. ಎಪ್ಪತ್ತೈದು ವರ್ಷಗಳ ಅವಧಿಯಲ್ಲಿ ಮೂರು ಬಾರಿ ಯುದ್ಧ ಮಾಡಿದ್ದ ಎರಡು ದೇಶಗಳ ನಡುವೆ ಇಂಥ ಪ್ರಸ್ತಾಪ ಬಂದದ್ದು ಅನೇಕರಿಗೆ ಅಚ್ಚರಿ ತಂದಿತು.

ಸಂಧಾನಕ್ಕೆ ಕಲ್ಲಿದ್ದಲು ಮತ್ತು ಉಕ್ಕನ್ನೇ ಆರಿಸಿಕೊಂಡದ್ದೇಕೆ? ಉತ್ತರ ನೆಲದಡಿಯಲ್ಲಿದೆ. ಫ್ರಾನ್ಸಿನ ಪೂರ್ವದ ಗಡಿಯಲ್ಲಿರುವ ಲೊರೇನ್ ಪ್ರಾಂತ್ಯದಲ್ಲಿ ಕಬ್ಬಿಣದ ಅದಿರು ಹೇರಳ. ಆದರೆ ಅದನ್ನು ಕರಗಿಸಲು ಬೇಕಾದ, ಕೋಕ್ ತಯಾರಿಕೆಗೆ ಒದಗುವ ಉತ್ತಮ ಕಲ್ಲಿದ್ದಲು ಇದ್ದದ್ದು ಜರ್ಮನಿಯ ರೂರ್ ಕಣಿವೆಯಲ್ಲಿ. ಒಬ್ಬರ ಬಳಿ ಅಕ್ಕಿ, ಇನ್ನೊಬ್ಬರ ಬಳಿ ಸೌದೆ. ನಡುವೆ ಗಡಿಯ ಬೇಲಿ. ಉಕ್ಕಿಲ್ಲದೆ ರೈಲಿಲ್ಲ, ಯಂತ್ರವಿಲ್ಲ. ತೋಪು ಟ್ಯಾಂಕುಗಳೂ ಇಲ್ಲ. ಹಾಗಾಗಿ ಎರಡೂ ತನ್ನ ಕೈಯಲ್ಲೇ ಇರಬೇಕೆಂದು ಪ್ರತಿ ದೇಶವೂ ಬಯಸಿತು.

1871ರಲ್ಲಿ ಗೆದ್ದ ಜರ್ಮನಿ ಲೊರೇನ್‌ನ ಒಂದು ಭಾಗವನ್ನು ಕಸಿದುಕೊಂಡಿತು. ಮೊದಲ ಮಹಾಯುದ್ಧದ ನಂತರ ಫ್ರಾನ್ಸ್ ಅದನ್ನು ಮರಳಿ ಪಡೆಯಿತು. ಯುದ್ಧ ಪರಿಹಾರದ ಬಾಕಿ ಸಲ್ಲಲಿಲ್ಲವೆಂದು 1923ರಲ್ಲಿ ಫ್ರಾನ್ಸ್ ಮತ್ತು ಬೆಲ್ಜಿಯಂ ಸೇನೆಗಳು ರೂರ್ ಕಣಿವೆಗೆ ನುಗ್ಗಿದವು. ಜರ್ಮನ್ ಕಾರ್ಮಿಕರು ಕೆಲಸ ನಿಲ್ಲಿಸಿದರು. ಜರ್ಮನ್ ನಾಣ್ಯದ ಬೆಲೆ ಪಾತಾಳಕ್ಕಿಳಿಯಿತು. ಬಲಾತ್ಕಾರದಿಂದ ಶಾಶ್ವತ ಪರಿಹಾರ ಸಿಗಲಿಲ್ಲ, ಉಳಿದದ್ದು ದ್ವೇಷ. ಶೂಮನ್ ಅವರ ಬದುಕೇ ಈ ಗಡಿಯ ಕಥೆ ಹೇಳುತ್ತದೆ. ಲೊರೇನ್ ಮೂಲದ ಅವರ ತಂದೆ ಫ್ರೆಂಚರಾಗಿ ಹುಟ್ಟಿ, 1871ರ ನಂತರ ಜರ್ಮನ್ ಪ್ರಜೆಯಾದವರು. 1886ರಲ್ಲಿ ಲಕ್ಸೆಂಬರ್ಗ್‌ನಲ್ಲಿ ಜನಿಸಿದ ಮಗ ಜರ್ಮನ್ ಪ್ರಜೆಯಾಗಿ ಬೆಳೆದು, ಜರ್ಮನಿಯಲ್ಲೇ ಕಾನೂನು ಓದಿ, ಮೊದಲ ಮಹಾಯುದ್ಧದ ನಂತರ ಫ್ರೆಂಚ್ ಪ್ರಜೆಯಾದರು.

ಸಹಕಾರದ ಯತ್ನ ಮೊದಲೂ ನಡೆದಿತ್ತು. 1926ರಲ್ಲಿ ಜರ್ಮನಿ, ಫ್ರಾನ್ಸ್, ಬೆಲ್ಜಿಯಂ, ಲಕ್ಸೆಂಬರ್ಗ್ ಹಾಗೂ ಸಾರ್ ಪ್ರಾಂತ್ಯದ ಉಕ್ಕಿನ ಕಾರ್ಖಾನೆದಾರರು ಕೂಡಿ ಒಂದು ಕೂಟ ಕಟ್ಟಿಕೊಂಡಿದ್ದರು. ಯಾರು ಎಷ್ಟು ಉಕ್ಕು ತಯಾರಿಸಬೇಕೆಂದು ಪಾಲು ಹಂಚಿಕೊಂಡು ಬೆಲೆ ಕಾಯ್ದುಕೊಳ್ಳುವುದು ಅದರ ಉದ್ದೇಶ. ಅದು ಮಾಲೀಕರ ಒಪ್ಪಂದವಾಗಿತ್ತೇ ಹೊರತು ಕಾರ್ಮಿಕರಿಗಾಗಲಿ ಕೊಳ್ಳುವವರಿಗಾಗಲಿ ಅದರಲ್ಲಿ ಸ್ಥಾನವಿರಲಿಲ್ಲ. ಯುದ್ಧವನ್ನು ತಡೆಯುವ ಶಕ್ತಿಯೂ ಅದಕ್ಕಿರಲಿಲ್ಲ.

1950ರ ಯೋಜನೆಯ ಹಿಂದಿದ್ದ ಮಿದುಳು ಜೀನ್ ಮೊನೆ ಅವರದು. ಬ್ರಾಂದಿ ವ್ಯಾಪಾರದ ಮನೆತನದಿಂದ ಬಂದ ಅವರು ಆಗ ಫ್ರಾನ್ಸಿನ ಪುನರ್ನಿರ್ಮಾಣ ಯೋಜನೆಯ ಮುಖ್ಯಸ್ಥರು. ಅವರ ಮುಂದಿದ್ದ ಸಮಸ್ಯೆ ಸರಳವಾಗಿತ್ತು, ಕಠಿಣವೂ ಆಗಿತ್ತು. ಫ್ರಾನ್ಸಿನ ಕಾರ್ಖಾನೆಗಳಿಗೆ ರೂರ್ ಕಲ್ಲಿದ್ದಲು ಬೇಕೇ ಬೇಕು. ಜರ್ಮನಿಯನ್ನು ಕಾವಲಿನಲ್ಲಿಟ್ಟರೆ 1923ರ ದ್ವೇಷ ಮರುಕಳಿಸುತ್ತದೆ. ಬಿಟ್ಟರೆ ಹಳೆಯ ಭಯ ಮರಳುತ್ತದೆ. ಎರಡೂ ದೇಶಗಳನ್ನು ಒಂದೇ ನಿಯಮಕ್ಕೆ ಒಳಪಡಿಸುವುದೇ ಅವರು ಕಂಡ ದಾರಿ. ವಿಜೇತರ ಉಸ್ತುವಾರಿಯಲ್ಲಿದ್ದ ಪಶ್ಚಿಮ ಜರ್ಮನಿಗೆ ಇದರಿಂದ ಸಮಾನ ಸ್ಥಾನ ಸಿಗುತ್ತಿತ್ತು. ಆದ್ದರಿಂದಲೇ ಚಾನ್ಸಲರ್ ಅಡೆನಾವರ್ ತಡಮಾಡದೆ ಒಪ್ಪಿದರು. ಇದರಲ್ಲಿ ಔದಾರ್ಯಕ್ಕಿಂತ ಲೆಕ್ಕಾಚಾರವೇ ಹೆಚ್ಚು. ಗಣಿಗಳನ್ನು ಆಗಷ್ಟೇ ರಾಷ್ಟ್ರೀಕರಿಸಿದ್ದ ಬ್ರಿಟನ್ ದೂರ ಉಳಿಯಿತು. ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ನೆದರ್ಲೆಂಡ್ಸ್ ಮತ್ತು ಲಕ್ಸೆಂಬರ್ಗ್ 1951ರ ಏಪ್ರಿಲ್ 18ರಂದು ಪ್ಯಾರಿಸ್‌ನಲ್ಲಿ ಸಹಿ ಹಾಕಿದವು. ಯೂರೋಪಿನ ಕಲ್ಲಿದ್ದಲು ಮತ್ತು ಉಕ್ಕು ಸಮುದಾಯ ಹುಟ್ಟಿದ್ದು ಹೀಗೆ.

ಇದರ ಕೇಂದ್ರದಲ್ಲಿದ್ದದ್ದು ಒಂಬತ್ತು ಸದಸ್ಯರ ಉನ್ನತ ಪ್ರಾಧಿಕಾರ. 1952ರ ಆಗಸ್ಟ್‌ನಲ್ಲಿ ಲಕ್ಸೆಂಬರ್ಗ್‌ನಲ್ಲಿ ಕೆಲಸ ಆರಂಭಿಸಿದ ಅದಕ್ಕೆ ಮೊನೆ ಅವರೇ ಮೊದಲ ಅಧ್ಯಕ್ಷರು. ಸದಸ್ಯರು ತಮ್ಮ ತಮ್ಮ ಸರ್ಕಾರದಿಂದ ಸೂಚನೆ ಕೇಳಕೂಡದು, ಕೊಟ್ಟರೂ ಪಡೆಯಕೂಡದು ಎಂಬುದು ಕರಾರು. ತಕರಾರು ಬಂದರೆ ತೀರ್ಪಿಗೆ ಒಂದು ನ್ಯಾಯಾಲಯ. ಪ್ರಾಧಿಕಾರವನ್ನು ಪ್ರಶ್ನಿಸಲು ಒಂದು ಸಭೆ. ಸರ್ಕಾರಗಳ ಮಾತಿಗೆ ಸಚಿವರ ಮಂಡಳಿ. ಖರ್ಚಿಗೆ ಸರ್ಕಾರಗಳ ಮುಂದೆ ಕೈಯೊಡ್ಡಬೇಕಿರಲಿಲ್ಲ. ಗಣಿ ಮತ್ತು ಕಾರ್ಖಾನೆಗಳ ಉತ್ಪಾದನೆಯ ಮೇಲೆ ಪ್ರಾಧಿಕಾರವೇ ನೇರವಾಗಿ ತೆರಿಗೆ ಹಾಕಬಹುದಿತ್ತು.

1953ರಲ್ಲಿ ಮೊದಲು ಕಲ್ಲಿದ್ದಲಿಗೆ, ನಂತರ ಉಕ್ಕಿಗೆ ಸಮಾನ ಮಾರುಕಟ್ಟೆ ತೆರೆಯಿತು. ಸುಂಕ ತೆಗೆದರೆ ಸಾಲದೆಂಬುದು ಬೇಗನೆ ತಿಳಿಯಿತು. ರೈಲಿನಲ್ಲಿ ದೂರ ಹೆಚ್ಚಿದಂತೆ ಪ್ರತಿ ಕಿಲೋಮೀಟರಿನ ಸಾಗಾಣಿಕೆ ದರ ಇಳಿಯುತ್ತದೆ. ಆದರೆ ಗಾಡಿ ಗಡಿ ದಾಟಿದೊಡನೆ ಅದನ್ನು ಹೊಸ ಪ್ರಯಾಣವೆಂದು ಪರಿಗಣಿಸಿ ಮತ್ತೆ ಮೊದಲಿನಿಂದ ದರ ಎಣಿಸಲಾಗುತ್ತಿತ್ತು. ಸುಂಕದ ಕಟ್ಟೆಯಿಲ್ಲದಿದ್ದರೂ ಸುಂಕದಷ್ಟೇ ಹೊರೆ! 1955ರಿಂದ ಹಂತಹಂತವಾಗಿ ಈ ಪದ್ಧತಿ ಕೈಬಿಟ್ಟು, ಇಡೀ ದೂರವನ್ನು ಒಂದೇ ಪ್ರಯಾಣವೆಂದು ಎಣಿಸಲಾಯಿತು.

ಸೋಲುವವರ ಗತಿಯೇನು ಎಂಬ ಪ್ರಶ್ನೆಗೂ ಒಡಂಬಡಿಕೆಯಲ್ಲೇ ಉತ್ತರವಿತ್ತು. ಬೆಲ್ಜಿಯಂನ ಹಳೆಯ ಗಣಿಗಳಲ್ಲಿ ಕಲ್ಲಿದ್ದಲು ತೆಗೆಯುವುದು ದುಬಾರಿ. ಅವು ಒಮ್ಮೆಗೇ ಮುಳುಗದಿರಲೆಂದು ಜರ್ಮನ್ ಮತ್ತು ಡಚ್ ಕಲ್ಲಿದ್ದಲಿನಿಂದ ಹಣ ಸಂಗ್ರಹಿಸಿ ಕೆಲವು ವರ್ಷ ನೆರವು ನೀಡಲಾಯಿತು. ಕೆಲಸ ಕಳೆದುಕೊಂಡವರಿಗೆ ಭತ್ಯೆ, ಹೊಸ ಕಸುಬಿನ ತರಬೇತಿ, ಕಾರ್ಮಿಕರ ಮನೆಗಳಿಗೆ ಸಾಲ ಇವೂ ದೊರೆತವು.

ಹಂಚಿಕೊಳ್ಳದೆ ಉಳಿದದ್ದರ ಬೆಲೆ ಎಷ್ಟೆಂಬುದು 1956ರಲ್ಲಿ ಗೊತ್ತಾಯಿತು. ಸಮುದಾಯ ಹುಟ್ಟುವ ಮೊದಲೇ, 1946ರಲ್ಲಿ, ಇಟಲಿ ಐವತ್ತು ಸಾವಿರ ಕಾರ್ಮಿಕರನ್ನು ಬೆಲ್ಜಿಯಂ ಗಣಿಗಳಿಗೆ ಕಳುಹಿಸಲು, ಪ್ರತಿಯಾಗಿ ಕಲ್ಲಿದ್ದಲು ಪಡೆಯಲು ಒಪ್ಪಿತ್ತು. 1956ರ ಆಗಸ್ಟ್ 8ರಂದು ಮಾರ್ಸಿನೆಲ್ ಎಂಬಲ್ಲಿನ ಗಣಿಯಲ್ಲಿ, 975 ಮೀಟರ್ ಆಳದ ಹಂತದಲ್ಲಿ, ತೊಟ್ಟಿಲಿಗೆ ಸರಿಯಾಗಿ ಸೇರದ ಗಾಡಿಯೊಂದು ಮೇಲೇರುವಾಗ ಎಣ್ಣೆಯ ಕೊಳವೆ ಹಾಗೂ ವಿದ್ಯುತ್ ತಂತಿಗಳನ್ನು ಕಡಿದು ಬೆಂಕಿ ಹೊತ್ತಿತು. 262 ಮಂದಿ ಸತ್ತರು. ಅವರಲ್ಲಿ 136 ಜನ ಇಟಲಿಯವರು. ಕಲ್ಲಿದ್ದಲಿನ ಬೆಲೆಗೆ ಆರೂ ದೇಶಗಳಲ್ಲಿ ಒಂದೇ ನಿಯಮವಿತ್ತು. ಅದನ್ನು ಅಗೆಯುವವರ ಸುರಕ್ಷತೆ ಆಯಾ ಸರ್ಕಾರದ ಪಾಲಿಗೇ ಉಳಿದಿತ್ತು. ದುರಂತದ ನಂತರ ಗಣಿ ಸುರಕ್ಷತೆಗೆ ಕಾಯಂ ಸಮಿತಿ ಬಂತು, ಆದರೆ ಅದಕ್ಕಿದ್ದದ್ದು ಸಲಹೆ ಕೊಡುವ ಅಧಿಕಾರ ಮಾತ್ರ.

ಪ್ರಾಧಿಕಾರದ ಮಿತಿಯೂ ಬೇಗ ಬಯಲಾಯಿತು. ಅಗ್ಗದ ತೈಲ ಹಾಗೂ ಅಮೆರಿಕದ ಕಲ್ಲಿದ್ದಲು ಬಂದು, 1958ರ ಹೊತ್ತಿಗೆ ಗಣಿಗಳ ಬಾಯಲ್ಲಿ ಮಾರಾಟವಾಗದ ಕಲ್ಲಿದ್ದಲಿನ ರಾಶಿ ಬೆಳೆಯಿತು. ಬಿಕ್ಕಟ್ಟು ಘೋಷಿಸಿ ಉತ್ಪಾದನೆಗೆ ಮಿತಿ ಹಾಕಲು 1959ರಲ್ಲಿ ಪ್ರಾಧಿಕಾರ ಅನುಮತಿ ಕೇಳಿದಾಗ ಸಚಿವರ ಮಂಡಳಿ ನಿರಾಕರಿಸಿತು. ಸುಭಿಕ್ಷದಲ್ಲಿ ಬಿಟ್ಟುಕೊಟ್ಟ ಅಧಿಕಾರವನ್ನು ಸರ್ಕಾರಗಳು ಕಷ್ಟದಲ್ಲಿ ಹಿಂದಕ್ಕೆಳೆದುಕೊಂಡವು.

ಹಾಗಿದ್ದೂ ವ್ಯವಸ್ಥೆ ಮುರಿಯಲಿಲ್ಲ. ಯುದ್ಧಾನಂತರ ಫ್ರಾನ್ಸಿನ ಹಿಡಿತದಲ್ಲಿದ್ದ ಕಲ್ಲಿದ್ದಲಿನ ಸಾರ್ ಪ್ರಾಂತ್ಯ ಜನಮತದ ನಂತರ 1957ರ ಜನವರಿ 1ರಂದು ಪಶ್ಚಿಮ ಜರ್ಮನಿಯನ್ನು ಸೇರಿತು. ಒಂದು ಗುಂಡೂ ಹಾರಲಿಲ್ಲ. ಅದೇ ವರ್ಷ ಆರು ದೇಶಗಳು ರೋಮ್‌ನಲ್ಲಿ ಇಡೀ ಆರ್ಥಿಕ ವ್ಯವಹಾರಕ್ಕೂ ಅಣುಶಕ್ತಿಗೂ ಸಹಕಾರವನ್ನು ವಿಸ್ತರಿಸಿದವು. ಇಂದಿನ ಯೂರೋಪಿಯನ್ ಒಕ್ಕೂಟದ ಬೇರು ಅಲ್ಲಿದೆ.

ಐವತ್ತು ವರ್ಷಕ್ಕೆಂದು ಮಾಡಿಕೊಂಡ ಒಡಂಬಡಿಕೆಯ ಅವಧಿ 2002ರ ಜುಲೈ 23ರಂದು ಮುಗಿಯಿತು. ಜಗಳಕ್ಕೆ ಕಾರಣವಾಗಿದ್ದ ಗಣಿಗಳೂ ಒಂದೊಂದಾಗಿ ಮುಚ್ಚಿದವು: ನೆದರ್ಲೆಂಡ್ಸ್‌ನಲ್ಲಿ 1974, ಬೆಲ್ಜಿಯಂನಲ್ಲಿ 1992, ಫ್ರಾನ್ಸಿನಲ್ಲಿ 2004, ರೂರ್ ಕಣಿವೆಯ ಕೊನೆಯ ಗಣಿ 2018. ಆ ಆರು ದೇಶಗಳು ಪರಸ್ಪರ ನಂಬಿದ ಮೇಲೆ ಕೈಜೋಡಿಸಿದವರಲ್ಲ. ನಂಬಿಕೆ ಇಲ್ಲದಿದ್ದಾಗಲೂ ನಡೆಯುವಂಥ ನಿಯಮ, ನ್ಯಾಯಾಲಯ ಮತ್ತು ಸೋತವರಿಗೆ ಒಂದಿಷ್ಟು ಹಣ ಇವನ್ನು ಮೊದಲು ಕಟ್ಟಿದರು. ನಂಬಿಕೆ ಆ ಮೇಲೆ, ನಿಧಾನವಾಗಿ ಬಂತು.