ದನದ ಮನಿಗೆ ನಾಕು ಗ್ವಾಡಿ, ನಾಕು ಕಾಲ

ಹೋದ ತಿಂಗಳು ಊರಿಂದ ಅಪ್ಪನ ಫೋನು ಬಂತು. "ದನದ ಮನಿ ಪಡುವಣ ಗ್ವಾಡಿ ಕುಸದೈತಿ. ಪತ್ರಾ ಹೊಡಸೂಣೋ, ಇಟ್ಟಂಗಿ ಕಟ್ಟಸೂಣೋ? ನಾಕು ಮಂದೀನ ಕೇಳಿ ಹೇಳಪಾ."

ಕೇಳುವುದಕ್ಕೆ ಮೊದಲು ಒಮ್ಮೆ ನೋಡೋಣ ಎಂದು ರವಿವಾರ ಊರಿಗೆ ಹೋದೆ. ಹೊಲದಲ್ಲಿರುವ ಆ ದನದ ಮನೆಯನ್ನು ಬುದ್ಧಿ ಬಂದಾಗಿನಿಂದ ನೋಡುತ್ತಿದ್ದೇನೆ. ಆದರೆ ಸುತ್ತು ಹಾಕಿ ನೋಡಿದ್ದು ಅವತ್ತೇ. ಮೂಡಣಕ್ಕೆ ಮುತ್ತಜ್ಜ ಕಟ್ಟಿಸಿದ ಕಲ್ಲಿನ ಗೋಡೆ. ಬಡಗಣಕ್ಕೆ ತೊಗರಿ ಕಟಿಗಿಯ ತಟ್ಟಿ, ಅದರ ಮೇಲೆ ಮಣ್ಣು ಮೆತ್ತಿದ್ದು. ತೆಂಕಣಕ್ಕೆ ಡಾಂಬರ ಡಬ್ಬಿಗಳನ್ನು ಸೀಳಿ, ಬಡಿದು ಚಪ್ಪಟೆ ಮಾಡಿ ಹೊಡೆದ ತಗಡು. ಪಡುವಣಕ್ಕೆ ಕುಸಿದ ಮಣ್ಣಿನ ಗೋಡೆ, ಅದರ ಜಾಗದಲ್ಲಿ ಸದ್ಯಕ್ಕೆಂದು ಕಟ್ಟಿದ ಯಾವುದೋ ಹುಟ್ಟುಹಬ್ಬದ ಫ್ಲೆಕ್ಸು. ಎಮ್ಮೆ ಮಲಗುವ ಕಡೆಗೇ ಮುಖ ಮಾಡಿ ಸಾಹೇಬರು ಕೈ ಮುಗಿದು ನಗುತ್ತ ನಿಂತಿದ್ದರು.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಈ ನಾಲ್ಕು ತಾಲೂಕಿನ ಯಾವ ಕಡೆ ಹೋದರೂ ಇಂಥ ಒಂದು ದನದ ಮನೆ ನಿಮಗೂ ಸಿಕ್ಕೀತು. ವಾಸದ ಮನೆಯನ್ನು ನಾವು ಮಂದಿ ಏನೆಂದಾರು ಎಂದು ನೋಡಿ ಕಟ್ಟುತ್ತೇವೆ. ದನದ ಮನೆ, ಗಾಣದ ಮನೆ, ಹೊಲದ ಗುಡಿಸಲು ಇವನ್ನು ಕೈಗೆ ಸಿಕ್ಕಿದ್ದರಿಂದ ಕಟ್ಟುತ್ತೇವೆ. ಹಾಗಾಗಿ ಯಾವ ಕಾಲಕ್ಕೆ ನಮ್ಮ ಕೈಗೆ ಏನು ಸಿಗುತ್ತಿತ್ತು ಎಂಬುದರ ಗುರುತು ಅವುಗಳ ಗೋಡೆಯಲ್ಲೇ ಉಳಿದಿರುತ್ತದೆ.

ಮೊದಲಿಗೆ ಸಿಗುತ್ತಿದ್ದುದು ಕಲ್ಲು ಮತ್ತು ಮಣ್ಣು. ಬಾಗಲಕೋಟೆ ಹತ್ತಿರದ ಕಲಾದಗಿ ಊರಿನ ಹೆಸರನ್ನೇ ಭೂವಿಜ್ಞಾನಿಗಳು ಈ ಸೀಮೆಯ ಹಳೆಯ ಕಲ್ಲಿನ ಪದರಗಳಿಗೆ ಇಟ್ಟಿದ್ದಾರೆ. ಮುಧೋಳ, ಲೋಕಾಪುರದ ಕಡೆ ಸುಣ್ಣದ ಕಲ್ಲು ಹೇರಳ. ಈಗ ಅದು ಸಿಮೆಂಟ್ ಕಾರ್ಖಾನೆಗೆ ಹೋಗುತ್ತದೆ, ಆಗ ಗೋಡೆಗೆ ಬರುತ್ತಿತ್ತು. ಕಲ್ಲು ದೂರವಿದ್ದ ಹೊಳೆದಂಡೆಯ ಎರೆ ಸೀಮೆಯಲ್ಲಿ ಮಣ್ಣೇ ಗತಿ. ಆದರೆ ಎರೆಮಣ್ಣು ಗೋಡೆಗೆ ಬಾರದು. ತೋಯ್ದರೆ ಉಬ್ಬುತ್ತದೆ, ಒಣಗಿದರೆ ಕೈ ಹೋಗುವಷ್ಟು ಬಿರಿಯುತ್ತದೆ. ಅದಕ್ಕೇ ಹಿರಿಯರು ಹಾಳೂರ ದಿಬ್ಬದ ಬಿಳಿ ಮಣ್ಣನ್ನು ಚಕ್ಕಡಿಯಲ್ಲಿ ಹೇರಿ ತಂದು, ಹೊಟ್ಟು ಬೆರೆಸಿ ತುಳಿದು, ಒಂದೊಂದೇ ವರಸೆ ಏರಿಸುತ್ತಿದ್ದರು.

ಅಷ್ಟು ಮಾಡಲಾಗದವರಿಗೆ ಹೊಲವೇ ಗೋಡೆ ಕೊಡುತ್ತಿತ್ತು. ಜೋಳದ ಕಣಕಿ, ಹತ್ತಿ ಕಟಿಗಿ, ತೊಗರಿ ಕಟಿಗಿ. ತಟ್ಟಿ ಹೆಣೆದು ಸಗಣಿ-ಮಣ್ಣು ಮೆತ್ತಿದರೆ ಎರಡು-ಮೂರು ವರ್ಷಕ್ಕೆ ಚಿಂತೆಯಿಲ್ಲ, ಪೈಸೆ ಖರ್ಚಿಲ್ಲ. ನಮ್ಮ ಸೀಮೆಯ ಮಳೆ ವರ್ಷಕ್ಕೆ 600 ಮಿಲಿಮೀಟರಿಗೂ ಕಡಿಮೆ. ತಟ್ಟಿ ತಡೆಯಬೇಕಾದದ್ದು ಮಳೆಗಿಂತ ಹೆಚ್ಚಾಗಿ ಬಿಸಿಲು-ಗಾಳಿಯನ್ನು.

ಕಣಕಿಯ ಗೋಡೆಗೆ ಇನ್ನೊಂದು ಗುಣವಿತ್ತು. ಬರ ಬಿದ್ದಾಗ ಅದನ್ನು ಬಿಚ್ಚಿ ಎತ್ತಿಗೆ ಹಾಕಬಹುದಿತ್ತು. ಇದು ತಮಾಷೆಯ ಮಾತಲ್ಲ. 1876ರಿಂದ 78ರ ಬರ ಮುಂಬೈ ಪ್ರಾಂತ್ಯದಲ್ಲಿ ಅತಿ ಕೆಟ್ಟದಾಗಿ ಹೊಡೆದ ಜಿಲ್ಲೆಗಳಲ್ಲಿ ಆಗಿನ ಕಲಾದಗಿ ಜಿಲ್ಲೆಯೂ ಒಂದು. 1872ರಲ್ಲಿ 8 ಲಕ್ಷ ದಾಟಿದ್ದ ಅಲ್ಲಿನ ಜನಸಂಖ್ಯೆ 1881ರ ಎಣಿಕೆಯಲ್ಲಿ ಸುಮಾರು 6.4 ಲಕ್ಷಕ್ಕೆ ಇಳಿದಿತ್ತು. ಮನುಷ್ಯರದೇ ಈ ಲೆಕ್ಕವಾದರೆ ದನಗಳದು ಏನಾಗಿರಬೇಕು! ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು ಆಳುತ್ತಿದ್ದ ಕಾಲ ಅದು. ಸಂಸ್ಥಾನದ ಗಡಿ ನೋಡಿ ಬರ ನಿಲ್ಲುವುದಿಲ್ಲ. ದನ ಉಳಿಸಲು ಗುಡಿಸಲು ಬಿಚ್ಚಿದ ಮಾತನ್ನು ನಮ್ಮಜ್ಜಿ ತನ್ನ ಅಜ್ಜಿಯಿಂದ ಕೇಳಿ ನನಗೆ ಹೇಳಿದ್ದಳು.

ಇನ್ನು ತಗಡಿನ ಕಥೆ. ಅಲೆಅಲೆಯಾಗಿ ಮಡಚಿದ ಕಬ್ಬಿಣದ ತಗಡಿಗೆ 1829ರಲ್ಲಿ ಲಂಡನ್ನಿನ ಹೆನ್ರಿ ಪಾಮರ್ ಎಂಬ ಎಂಜಿನಿಯರ್ ಪೇಟೆಂಟ್ ಪಡೆದ. ಕಾಗದವನ್ನು ಬೀಸಣಿಗೆಯಂತೆ ಮಡಚಿ ನೋಡಿ, ಅದು ಬಾಗದೆ ನಿಲ್ಲುತ್ತದೆ. ತಗಡಿನ ಗುಟ್ಟೂ ಅಷ್ಟೇ. 1837ರಲ್ಲಿ ಫ್ರಾನ್ಸಿನ ಸೋರೆಲ್ ಕಬ್ಬಿಣಕ್ಕೆ ಸತುವಿನ ಲೇಪ ಕೊಟ್ಟು ತುಕ್ಕು ತಡೆಯುವ ವಿಧಾನಕ್ಕೆ ಪೇಟೆಂಟ್ ಪಡೆದ. ಇವೆರಡು ಸೇರಿದ್ದೇ ನಾವು 'ಪತ್ರಾ' ಅನ್ನುವ ವಸ್ತು. 1880ರ ದಶಕದಲ್ಲಿ ರೈಲು ಒಂದು ಕಡೆ ಬಾಗಲಕೋಟೆಗೆ, ಇನ್ನೊಂದು ಕಡೆ ಕುಡಚಿಗೆ ಬಂತು. ಜಮಖಂಡಿ, ಬನಹಟ್ಟಿ ನಡುವೆ ಉಳಿದವು. ಭಾರದ ಸಾಮಾನು ಸ್ಟೇಷನ್ನಿನಿಂದ ಎತ್ತಿನ ಗಾಡಿಯಲ್ಲೇ ಬರಬೇಕು. ಬಹಳ ವರ್ಷ ಪತ್ರಾ ಎಂದರೆ ಉಳ್ಳವರ ಸೊತ್ತು. ಬಡವರ ಪತ್ರಾ ಎಂದರೆ ರಸ್ತೆ ಕೆಲಸದವರು ಬಿಟ್ಟುಹೋದ ಡಾಂಬರ ಡಬ್ಬಿ. ನಮ್ಮ ತೆಂಕಣ ಗೋಡೆ ಆ ಕಾಲದ್ದು. ಇಷ್ಟು ವರ್ಷವಾದರೂ ಅದು ತುಕ್ಕು ಹಿಡಿಯದೇ ಇರುವುದಕ್ಕೆ ಮೆತ್ತಿಕೊಂಡಿರುವ ಡಾಂಬರೇ ಕಾರಣ. ಬೇಸಿಗೆಯಲ್ಲಿ ಅದಕ್ಕೆ ಆತುಕೊಂಡು ಎಷ್ಟು ಅಂಗಿ ಹಾಳು ಮಾಡಿಕೊಂಡಿದ್ದೇನೋ.

ಗೋಡೆ ನಿಜವಾಗಿ ಬದಲಾದದ್ದು ನೀರು ಬಂದ ಮೇಲೆ. ಸರಕಾರಕ್ಕೆ ಕಾದು ಬೇಸತ್ತ ಕೃಷ್ಣಾ ದಂಡೆಯ ರೈತರು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ತಾವೇ ವಂತಿಗೆ ಹಾಕಿ, ಮೈಮುರಿದು ದುಡಿದು, 1989ರಲ್ಲಿ ಚಿಕ್ಕಪಡಸಲಗಿ ಬ್ಯಾರೇಜ್ ಕಟ್ಟಿದ ಸಂಗತಿ ಜಮಖಂಡಿ ಕಡೆಯವರಿಗೆ ಹೇಳಬೇಕಿಲ್ಲ. ಸಮೀರವಾಡಿಯ ಸಕ್ಕರೆ ಕಾರ್ಖಾನೆ ಅದಕ್ಕೂ ಮೊದಲೇ ಶುರುವಾಗಿತ್ತು, ಮಹಾಲಿಂಗಪುರದ ಬೆಲ್ಲದ ಪೇಟೆಯಂತೂ ಹೆಸರುವಾಸಿ. ನೀರು ಹೋದಲ್ಲೆಲ್ಲ ಕಬ್ಬು ಬಂತು. ಜೋಳ ಕಡಿಮೆಯಾಯಿತು, ಹತ್ತಿ ಕಡಿಮೆಯಾಯಿತು. ಜೋಳ ಹೋದರೆ ಕಣಕಿ ಹೋಯಿತು, ಹತ್ತಿ ಹೋದರೆ ಕಟಿಗಿ ಹೋಯಿತು. ಕಬ್ಬಿನ ರವದಿ ಬೇಕಾದಷ್ಟಿದೆ. ಆದರೆ ಅದು ಮಾಡಿಗೆ ಹೊದಿಸಲು ಸರಿ, ಗೋಡೆಗೆ ಗಟ್ಟಿಯಲ್ಲ. ಬೇಸಿಗೆಯಲ್ಲಿ ಒಂದು ಬೀಡಿ ಕಿಡಿ ಸಾಕು, ಕಟ್ಟಿದ ದನದ ಸಮೇತ ಹೋಗುತ್ತದೆ. ಕೈಯಲ್ಲಿ ಕಬ್ಬಿನ ಬಿಲ್ಲು ಇತ್ತು, ಹೊಲದಲ್ಲಿ ಗೋಡೆ ಇರಲಿಲ್ಲ. ಹೀಗೆ ಹೊಲದಲ್ಲಿ ಬೆಳೆಯುತ್ತಿದ್ದ ಗೋಡೆ ಅಂಗಡಿಗೆ ಹೋಗಿ ಕೂತಿತು.

ಮಗ್ಗದ ಮನೆಗಳಲ್ಲೂ ಇದೇ ಆಯಿತು. ರಬಕವಿ, ಬನಹಟ್ಟಿಯ ಹಳೆಯ ಕುಣಿ ಮಗ್ಗಗಳು ದಪ್ಪ ಮಣ್ಣಿನ ಗೋಡೆಯೊಳಗೆ, ಅರ್ಧ ನೆಲದೊಳಗೇ ಇದ್ದವು. ಬಡತನವೊಂದೇ ಅದಕ್ಕೆ ಕಾರಣವಲ್ಲ. ಹತ್ತಿ ನೂಲಿಗೆ ತಂಪು ಬೇಕು, ಗಾಳಿ ಒಣಗಿದರೆ ಎಳೆ ಹರಿಯುತ್ತದೆ. ವಿದ್ಯುತ್ ಮಗ್ಗ ಬಂದು ಪತ್ರಾ ಶೆಡ್ಡು ಎದ್ದ ಮೇಲೆ ಅದೇ ತಂಪನ್ನು ನೆಲಕ್ಕೆ ನೀರು ಚಿಮುಕಿಸಿ ತರಬೇಕಾಯಿತು. ಪತ್ರಾದ ಗೋಡೆಗೆ ಬಡಿದು ತಿರುಗಿ ಬರುವ ಮಗ್ಗದ ಸಪ್ಪಳದ ಬಗ್ಗೆ ಅಲ್ಲಿ ದುಡಿಯುವವರನ್ನು ಕೇಳಿ. ಸ್ವಲ್ಪ ಜೋರಾಗಿ ಕೇಳಬೇಕು.

ಹಾಗಾದರೆ ಇಷ್ಟು ಸುಡುವ ಪತ್ರಾ ಎಲ್ಲ ಕಡೆ ಗೆದ್ದದ್ದು ಹೇಗೆ? ಅಗ್ಗ ಎಂಬುದು ಅರ್ಧ ಉತ್ತರ. ಉಳಿದ ಅರ್ಧ ನನಗೆ ಸಿಕ್ಕಿದ್ದು ಬೀಳಗಿ ತಾಲೂಕಿನ ಹಿನ್ನೀರ ದಂಡೆಯಲ್ಲಿರುವ ನಮ್ಮ ಅತ್ತೆಯ ಬಾಯಲ್ಲಿ. ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಅಡಿಗಲ್ಲು ಬಿತ್ತು. ನೀರು 519.6 ಮೀಟರಿಗೆ ನಿಂತಾಗ ಬೀಳಗಿ, ಬಾಗಲಕೋಟೆ ಸೀಮೆಯ ಊರೂರೇ ಎದ್ದು ಹೋದವು. ತೊಲೆ, ಜಂತಿ, ಬಾಗಿಲು ಕಿತ್ತುಕೊಂಡು ಹೋದರು, ಮಣ್ಣಿನ ಗೋಡೆ ನೀರಿಗೆ ಬಿಟ್ಟರು. ಎತ್ತರವನ್ನು 524.256 ಮೀಟರಿಗೆ ಏರಿಸಲು 2010ರಲ್ಲಿ ನ್ಯಾಯಮಂಡಳಿ ಒಪ್ಪಿತು. ಆ ಗೆರೆಯೊಳಗೆ ಬರುವ ಹೊಲದವರು ಅವತ್ತಿನಿಂದ ಒಂದು ಕಾಲು ಹೊರಗಿಟ್ಟೇ ಬದುಕುತ್ತಿದ್ದಾರೆ. "ಕಲ್ಲಿಂದ ಕಟ್ಟಸಬಾರದ ಅತ್ತಿ?" ಅಂದೆ. "ನಾಳಿ ಸರಕಾರ ಏಳ್ರಿ ಅಂದ್ರ ಕಲ್ಲಿನ ಗ್ವಾಡಿ ಹೊತಗೊಂಡು ಹೋಗಾಕ ಬರ್ತೈತೇನೋ ತಮ್ಮಾ? ಪತ್ರಾ ಆದ್ರ ಬಿಚ್ಚಿ ಟ್ರ್ಯಾಕ್ಟರಿನ್ಯಾಗ ಹಾಕ್ಕೊಂಡು ನಡದ್ವಿ" ಅಂದಳು.

2009ರ ನೆರೆ, 2019ರ ಆಗಸ್ಟಿನ ಕೃಷ್ಣಾ-ಘಟಪ್ರಭಾ ನೆರೆ ಅದೇ ಪಾಠವನ್ನು ಇನ್ನೊಮ್ಮೆ ಹೇಳಿದವು. ನೀರಿನಲ್ಲಿ ನಾಲ್ಕು ದಿನ ನಿಂತ ಮಣ್ಣಿನ ಗೋಡೆ, ನೀರು ಇಳಿದ ಮೇಲೆ ಕೂತಿತು. ನಮ್ಮ ಪಡುವಣ ಗೋಡೆ ಬಿರಿದದ್ದೂ 2019ರಲ್ಲೇ. ಈಗ ಬಿದ್ದದ್ದು, ಅಷ್ಟೇ.

ಸಿಮೆಂಟ್ ಪತ್ರಾದ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಅದರೊಳಗಿನ ಎಳೆ ಕಲ್ನಾರು, ಅಂದರೆ ಆಸ್ಬೆಸ್ಟಾಸ್. 1900ರ ಸುಮಾರಿಗೆ ಆಸ್ಟ್ರಿಯಾದ ಹಾಟ್ಷೆಕ್ ಎಂಬಾತ ಸಿಮೆಂಟಿಗೆ ಕಲ್ನಾರು ಬೆರೆಸಿ ಹಾಳೆ ಮಾಡುವ ದಾರಿ ಕಂಡುಹಿಡಿದ. ತುಕ್ಕಿಲ್ಲ, ಕಬ್ಬಿಣದ ಪತ್ರಾದಷ್ಟು ಸುಡುವುದಿಲ್ಲ, ಅಗ್ಗ. ಆದರೆ ಆ ಎಳೆಯ ದೂಳು ಎದೆಗೆ ಹೋದರೆ ದಶಕಗಳ ನಂತರ ಕ್ಯಾನ್ಸರ್ ಬರಬಹುದು. ಎಲ್ಲ ಬಗೆಯ ಕಲ್ನಾರೂ ಇದಕ್ಕೆ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 50ಕ್ಕೂ ಹೆಚ್ಚು ದೇಶಗಳು ಅದನ್ನು ನಿಷೇಧಿಸಿವೆ, ನಮ್ಮಲ್ಲಿ ಮಾರಾಟ ನಡೆದಿದೆ. ಹಳೆಯದು ಗಟ್ಟಿ ಇದ್ದರೆ ಮುಟ್ಟದೆ ಬಿಡಿ. ಕೊಯ್ಯಬೇಡಿ, ಒಡೆದ ಚೂರನ್ನು ಕೊಟ್ಟಿಗೆ ನೆಲಕ್ಕೆ ಹಾಸಬೇಡಿ. ತೆಗೆಯಲೇಬೇಕಾದರೆ ನೀರು ಹೊಡೆದು ತೋಯಿಸಿ, ಇಡಿಯಾಗಿ ಇಳಿಸಿ.

ಅಪ್ಪನಿಗೆ ನಾನು ಹೇಳಿದ್ದು ಹೀಗೆ. ನಾಲ್ಕೂ ಕಡೆ ಮೇಲಿನತನಕ ಮುಚ್ಚುವುದೇ ಬೇಡ. ಏಪ್ರಿಲ್ಲಿನಲ್ಲಿ 40 ಡಿಗ್ರಿ ದಾಟುವ ಸೀಮೆಯಲ್ಲಿ ಎಮ್ಮೆಗೆ ಬೇಕಾದದ್ದು ಗಾಳಿ. ಪಡುವಣಕ್ಕೆ ಬಿದ್ದ ಗೋಡೆಯ ಬುನಾದಿ ಕಲ್ಲನ್ನೇ ಆರಿಸಿ ಮೂರು ಅಡಿ ಕಟ್ಟೋಣ. ಉಚ್ಚೆ, ಸಗಣಿ ತಗಲುವ ಕೆಳಭಾಗದಲ್ಲಿ ಎಂಥ ಪತ್ರಾ ಆದರೂ ಬೇಗ ತಿಂದುಹೋಗುತ್ತದೆ, ಅಲ್ಲಿ ಕಲ್ಲೇ ಬೇಕು. ಅದರ ಮೇಲೆ ಇರಚಲು ಬಡಿಯುವಷ್ಟು ಎತ್ತರಕ್ಕೆ ಮಾತ್ರ ಪತ್ರಾ, ಮೇಲೆ ಒಂದೂವರೆ ಅಡಿ ಖಾಲಿ. ಗೇಜಿನ ನಂಬರು ದೊಡ್ಡದಾದಷ್ಟೂ ಪತ್ರಾ ತೆಳು, ಇದು ಗೊತ್ತಿಲ್ಲದೆ ಮೋಸ ಹೋಗುವವರು ಬಹಳ. ಗೇಜಿನ ಜೊತೆಗೆ ದಪ್ಪ ಎಷ್ಟು ಮಿಲಿಮೀಟರು, ಸತುವಿನ ಲೇಪ ಎಷ್ಟು ಎಂದು ಅಂಗಡಿಯಲ್ಲಿ ಕೇಳಬೇಕು. ಹೊರಮೈಗೆ ವರ್ಷಕ್ಕೊಮ್ಮೆ ಸುಣ್ಣ ಹೊಡೆದರೆ ಕಾವು ಕಡಿಮೆ. ಮೊಳೆ ಬಿಟ್ಟು ಸ್ಕ್ರೂ ಹಾಕಿಸೋಣ, ಹೊಳೆ ಬಂದರೆ ಬಿಚ್ಚಲು ಆಗುತ್ತದೆ. ಬಡಗಣದ ತೊಗರಿ ತಟ್ಟಿ ಇನ್ನೂ ಗಟ್ಟಿಯಿದೆ, ಅದಕ್ಕೊಮ್ಮೆ ಮಣ್ಣು ಮೆತ್ತಿದರೆ ಸಾಕು.

ಅಪ್ಪ ಎಲ್ಲ ಕೇಳಿಸಿಕೊಂಡ. ಮೂರು ಅಡಿ ಕಲ್ಲಿಗೆ ಒಪ್ಪಿದ, ಸ್ಕ್ರೂಗೆ ಒಪ್ಪಿದ. ಸುಣ್ಣಕ್ಕೆ ಮಾತ್ರ "ನೋಡೂಣಂತ" ಅಂದ.

"ಫ್ಲೆಕ್ಸ ಏನ್ ಮಾಡೂದು?" ಅಂತ ಕೇಳಿದೆ.

"ಇರ್ಲಿ ಬಿಡು. ಕಬ್ಬಿನ ಬಿಲ್ಲ ಬರೂತನಾ ಅವ್ರ ನಿಂದರವಲ್ರ್ಯಾಕ."